ಕಿತ್ತೂರಿನ ಸಂಗ್ರಹಾಲಯದಲ್ಲಿ ರಾಯಣ್ಣನ ಹೊಲ ಎಲ್ಲಿದೆ?

ಅಕ್ಟೋಬರ ೨೩ ಬಂತೆಂದರೆ ಕಿತ್ತೂರಿನ ದಾರಿಗಳೆಲ್ಲ ಮೋಟಾರುಗಳಿಂದ ತುಂಬುತ್ತವೆ. ಜ್ಯೋತಿ ಬರುತ್ತದೆ, ಮೆರವಣಿಗೆ ಬರುತ್ತದೆ, ಮಂತ್ರಿಮಹೋದಯರು ಬರುತ್ತಾರೆ. ಮೂರು ದಿನ ಊರಿಗೆ ನಿದ್ದೆಯಿಲ್ಲ. ನಾಲ್ಕನೆಯ ದಿನ ಪೆಂಡಾಲು ಬಿಚ್ಚುತ್ತಾರೆ, ಬಾಡಿಗೆಯ ಕುರ್ಚಿಗಳನ್ನು ಲಾರಿಗೆ ಹೇರುತ್ತಾರೆ, ಕೋಟೆಯ ಬಯಲಿನಲ್ಲಿ ಕಾಗದದ ಹೂಗಳು ಗಾಳಿಗೆ ಹಾರುತ್ತವೆ. ಆಮೇಲೆ ಉಳಿಯುವುದೇನು? ಕೋಟೆಯ ಗೋಡೆ ಉಳಿಯುತ್ತದೆ. ಅರಮನೆಯ ಪಾಯ ಉಳಿಯುತ್ತದೆ. ಕೋಟೆಯೊಳಗಿನ ಚಿಕ್ಕದೊಂದು ವಸ್ತುಸಂಗ್ರಹಾಲಯ ಉಳಿಯುತ್ತದೆ. ಉಳಿದ ಮುನ್ನೂರ ಅರವತ್ತು ದಿನ ಕಿತ್ತೂರಿನ ಕತೆಯನ್ನು ಬಂದವರಿಗೆ ಹೇಳುವ ಹೊರೆ ಆ ಸಂಗ್ರಹಾಲಯದ ಮೇಲೆಯೇ ಬೀಳುತ್ತದೆ.

ಗಿರಣಿಯ ಪಾಳಿ, ಸಾಮಾನಿನ ದರ, ಅಂಗಡಿಯ ಬಾಡಿಗೆ, ಇಷ್ಟೆಲ್ಲ ಸಂಕಟಗಳನ್ನು ಬಿಟ್ಟು ಸಂಪಾದಕೀಯದಲ್ಲಿ ಹಳೆಯ ಕತ್ತಿ-ಗುರಾಣಿಗಳ ಮಾತೇಕೆ ಎಂದು ನಮ್ಮ ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರ ಇಷ್ಟೇ: ಜನರ ತೆರಿಗೆಯಿಂದ ನಡೆಯುವ ಸಂಗ್ರಹಾಲಯವು ಯಾರ ಕತೆಯನ್ನು ಹೇಳಬೇಕು ಎಂಬುದು ಜನರೇ ತೀರ್ಮಾನಿಸಬೇಕಾದ ವಿಷಯ. ಆ ತೀರ್ಮಾನವನ್ನು ನಾವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ. ಮಾಡುತ್ತಲೂ ಇದ್ದಾರೆ.

ನಾವು ಪಕ್ಷದ ಕೆಲಸಕ್ಕೆ ಬರುವ ಮೊದಲು ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಒಮ್ಮೆ ಆರನೆಯ ಇಯತ್ತೆಯ ಹುಡುಗರನ್ನು ಕಟ್ಟಿಕೊಂಡು ಕಿತ್ತೂರಿಗೆ ಹೋಗಿದ್ದೆವು. ಹುಡುಗರು ಕತ್ತಿಗಳ ಮುಂದೆ ಬಹಳ ಹೊತ್ತು ನಿಂತರು. ಕೆತ್ತನೆಯ ಬಾಗಿಲುಗಳನ್ನು ಮುಟ್ಟಬೇಡಿರೆಂದರೂ ಮುಟ್ಟಿದರು. ಹೊರಗೆ ಬಂದು ಗಿಡದ ನೆರಳಲ್ಲಿ ರೊಟ್ಟಿಯ ಗಂಟು ಬಿಚ್ಚಿದಾಗ ಒಬ್ಬ ಹುಡುಗ, ಜೀತದ ಮನೆಯಿಂದ ಬಂದವನು, ಕೇಳಿದ: "ಗುರುಗಳ, ರಾಣಿ ಕತ್ತಿ ನೋಡಿದ್ವಿ. ರಾಯಣ್ಣನ ಹೊಲ ಕುಂಪಣಿಯವರು ಕಸಗೊಂಡ್ರು ಅಂತ ನೀವ ಹೇಳಿದ್ರಿ. ಆ ಹೊಲ ಎಲ್ಲಿ ಐತ್ರಿ?" ಅಂದು ನಾವು, ಅದು ಸಂಗೊಳ್ಳಿಯಲ್ಲಿ ಇದೆಯಪ್ಪ ಎಂದು ಹೇಳಿ ಪಾರಾದೆವು. ಹುಡುಗ ಕೇಳಿದ್ದು ಊರಿನ ವಿಳಾಸವನ್ನಲ್ಲ ಎಂಬುದು ನಮಗೆ ತಿಳಿಯಲು ಕೆಲವು ವರ್ಷಗಳೇ ಹಿಡಿದವು. ಹೊಲ ಹೋದದ್ದಕ್ಕೆ ಒಬ್ಬ ಮನುಷ್ಯ ದಂಗೆಯೆದ್ದನೆಂದರೆ, ಆ ಹೊಲವನ್ನು ಸಹ ಕತ್ತಿಯಂತೆಯೇ ನೋಡಲು ಸಿಗುವ ಹಾಗೆ ಇಡಬೇಡವೇ ಎಂದು ಅವನು ಕೇಳಿದ್ದ.

ಕಿತ್ತೂರಿನ ಕತೆಯನ್ನು ನಾವೆಲ್ಲ ಬಲ್ಲೆವೆಂದು ತಿಳಿದಿದ್ದೇವೆ. ಆದರೂ ಒಮ್ಮೆ ಲೆಕ್ಕ ಹಾಕಿ ನೋಡೋಣ.

ಈ ಸಂಸ್ಥಾನದ ಬುಡ ಕಟ್ಟಿದವರು ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು. ೧೫೮೫ರ ಸುಮಾರಿಗೆ ಬಿಜಾಪುರದ ದಂಡಿನ ಜೊತೆ ಬಂದು ಸಂಪಗಾವಿಯಲ್ಲಿ ನೆಲೆಸಿದರು. ಹೆಸರೇ ಹೇಳುವಂತೆ ವ್ಯಾಪಾರದ ಮನೆತನ. ನಮ್ಮ ಅಂಗಡಿಕಾರ ಬಂಧುಗಳು ಇದನ್ನು ಗಮನಿಸಬೇಕು. ಮುಂದೆ ಅಲ್ಲಪ್ಪಗೌಡ ಸರದೇಸಾಯಿಯ ಕಾಲದಲ್ಲಿ, ಅಂದರೆ ೧೬೬೦ರಿಂದ ೧೬೯೧ರ ನಡುವೆ, ಗಾದಿ ಕಿತ್ತೂರಿಗೆ ಬಂತು, ಕೋಟೆ ಎದ್ದಿತು. ಮಲ್ಲಸರ್ಜ ದೇಸಾಯಿ ಟಿಪ್ಪುವಿನ ಸೆರೆಯನ್ನೂ ಕಂಡ, ಪೇಶ್ವೆಯ ಸೆರೆಯನ್ನೂ ಕಂಡ, ೧೮೧೬ರಲ್ಲಿ ತೀರಿಕೊಂಡ. ಅವನ ಮಗ ಶಿವಲಿಂಗರುದ್ರಸರ್ಜ ೧೮೧೮ರಲ್ಲಿ ಬೆಳಗಾವಿಯ ಕೋಟೆಗೆ ಮುತ್ತಿಗೆ ಬಿದ್ದಾಗ ಕುಂಪಣಿಯವರಿಗೇ ನೆರವಾದ. ಆ ನೆರವಿಗೆ ಸಿಕ್ಕ ಪ್ರತಿಫಲವೇನು? ೧೮೨೪ರ ಸೆಪ್ಟೆಂಬರದಲ್ಲಿ ಅವನು ಮಕ್ಕಳಿಲ್ಲದೆ ಸತ್ತ. ಸಾಯುವ ಮುನ್ನ ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿದ, ಕಾವಲು ಇಟ್ಟ. ಮಲ್ಲಸರ್ಜನ ರಾಣಿ ಚೆನ್ನಮ್ಮ ತಲೆಬಾಗಲಿಲ್ಲ. ಅಕ್ಟೋಬರ ೨೩ರಂದು ಕೋಟೆಯ ಬಾಗಿಲು ತೆರೆದು ಜನ ಹೊರಗೆ ನುಗ್ಗಿದರು. ಥ್ಯಾಕರೆ ಹತನಾದ. ಅವನಿಗೆ ಗುಂಡಿಟ್ಟವನು ಅಮಟೂರ ಬಾಳಪ್ಪನೆಂದು ಪ್ರತೀತಿ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು.

ಗೆಲುವು ನಿಂತದ್ದು ಆರು ವಾರ. ದೊಡ್ಡ ದಂಡು ಬಂತು. ಮಾತುಕತೆಯ ಮೇಲೆ ಸೆರೆಯಾಳುಗಳನ್ನು ಬಿಟ್ಟುಕೊಟ್ಟ ಮೇಲೂ ಮುತ್ತಿಗೆ ನಿಲ್ಲಲಿಲ್ಲ. ಡಿಸೆಂಬರ ೫ರಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರುವರಿ ೨ರಂದು ಕಣ್ಣುಮುಚ್ಚಿದಳು. ೨೦೨೪ರ ಅಕ್ಟೋಬರಕ್ಕೆ ಆ ಮೊದಲ ಗೆಲುವಿಗೆ ಇನ್ನೂರು ವರ್ಷ ತುಂಬಿದವು.

ಇಲ್ಲಿಯವರೆಗಿನದು ಗಾದಿಯ ಕತೆ. ರಾಣಿಯ ಧೈರ್ಯಕ್ಕೆ ನಾವು ಯಾರಿಗೂ ಕಡಿಮೆಯಿಲ್ಲದಂತೆ ಕೈಮುಗಿಯುತ್ತೇವೆ. ಆದರೆ ಗಾದಿ ಹೋಯಿತು, ರಾಣಿ ಸೆರೆಯಾದಳು ಎಂದ ಮೇಲೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇದೇಕೆ ಎಂಬುದನ್ನು ದುಡಿಯುವ ಜನ ಚೆನ್ನಾಗಿ ಅರಿಯಬೇಕು.

ಸಂಗೊಳ್ಳಿಯ ರಾಯಣ್ಣ ದೇಸಾಯಿಯ ಮಗನಲ್ಲ, ಸರದಾರನಲ್ಲ. ಊರ ಕಾವಲಿನ ವಾಲೀಕಾರ, ಶೇತಸನದಿ. ಶೇತಸನದಿಯೆಂದರೆ ಊರಿನ ಚಾಕರಿಗೆ, ಹೊತ್ತು ಬಂದರೆ ದಂಡಿನ ಚಾಕರಿಗೆ, ಸಂಬಳದ ಬದಲು ಹೊಲ ಪಡೆದವನು. ಅವನಿಗೆ ಆ ಹೊಲವೇ ಪಗಾರ, ಅದೇ ಪಿಂಚಣಿ, ಅದೇ ಮಾನ. ೧೮೨೪ರಲ್ಲಿ ರಾಯಣ್ಣನೂ ಹೋರಾಡಿದ, ಸೆರೆಯಾದ, ಬಿಡುಗಡೆ ಹೊಂದಿದ. ಊರಿಗೆ ಮರಳಿ ನೋಡಿದರೆ ಕುಂಪಣಿ ಸರಕಾರದ ಹೊಸ ಲೆಕ್ಕದಲ್ಲಿ ಅವನ ಹೊಲದ ಬಹುಭಾಗ ಜಪ್ತಿಯಾಗಿತ್ತು; ಉಳಿದ ತುಂಡಿಗೆ ಹೊರಲಾರದ ತೆರಿಗೆ ಬಿದ್ದಿತ್ತು. ತೆರಿಗೆಯ ವಸೂಲಿಗೆ ಅವನ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಸಂಬಳವನ್ನು ಕಸಿದುಕೊಂಡು, ಕಸಿದುಕೊಂಡದ್ದರ ಮೇಲೆ ದಂಡ ಹಾಕುವ ಈ ಬಗೆ ನಮ್ಮ ಗಿರಣಿಯ ಬಂಧುಗಳಿಗೆ ಹೊಸದಾಗಿ ಕಾಣಲಾರದು.

ರಾಯಣ್ಣ ಎದ್ದ. ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ತರಬೇಕೆಂಬುದು ಅವನ ಘೋಷಣೆ. ಆದರೆ ಅವನ ಬೆನ್ನಿಗೆ ನಿಂತವರು ಹೊಲ ಕಳಕೊಂಡ ಜನ, ಅವನಂಥ ಶೇತಸನದಿಗಳು. ಅವನೊಡನೆ ಕಾದಿದವರಲ್ಲಿ ಗಜವೀರನೆಂಬ ಸಿದ್ದಿಯ ಹೆಸರನ್ನೂ ಜನ ನೆನೆಯುತ್ತಾರೆ. ೧೮೩೦ರ ಆರಂಭದಲ್ಲಿ ಅವರು ಮೊದಲು ಕೈಹಾಕಿದ್ದು ಯಾವುದಕ್ಕೆ? ಸರಕಾರಿ ಕಚೇರಿಗಳಿಗೆ. ಬೀಡಿಯ ಕಚೇರಿ ಸುಟ್ಟಿತು. ಖಜಾನೆಗಳು ಲೂಟಿಯಾದವು. ದೊಡ್ಡ ಜಮೀನುದಾರರಿಂದ ರಾಯಣ್ಣ ತಾನೇ ತೆರಿಗೆ ಎತ್ತಿ ತನ್ನ ದಂಡನ್ನು ಸಾಕಿದ. ಓದು ಬಾರದ ಜನಕ್ಕೂ ಒಂದು ಮಾತು ಸರಿಯಾಗಿ ಗೊತ್ತಿತ್ತು: ತಮ್ಮ ಹೊಲ ಕಳೆದದ್ದು ಕತ್ತಿಯಿಂದಲ್ಲ, ದಪ್ತರದ ಒಂದು ಗೆರೆಯಿಂದ. ಆ ಗೆರೆ ಇದ್ದ ಮನೆಗೆ ಅವರು ಬೆಂಕಿ ಇಟ್ಟರು.

೧೮೩೦ರ ಏಪ್ರಿಲಿನಲ್ಲಿ ರಾಯಣ್ಣ ಮೋಸದಿಂದ ಸೆರೆಯಾದ. ೧೮೩೧ರ ಜನೆವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದ. ಇದೇ ತಾರೀಖು ಮುಂದೆ ನಮ್ಮ ಗಣರಾಜ್ಯದ ದಿನವಾಯಿತು.

ಇನ್ನು ಈ ಕತೆ ನಮ್ಮವರೆಗೆ ಹೇಗೆ ಬಂತು ಎಂಬುದನ್ನು ನೋಡಿರಿ. ಅರಮನೆ ಅದನ್ನು ಕಾಯಲಿಲ್ಲ; ಅರಮನೆಯೇ ಉಳಿಯಲಿಲ್ಲ. ಸರಕಾರಿ ದಪ್ತರದಲ್ಲಿ ರಾಯಣ್ಣ ಬರಿಯ ದಂಗೆಕೋರ. ಅವನ ಹೆಸರನ್ನು ಹೊತ್ತು ತಿರುಗಿದವರು ಲಾವಣಿಕಾರರು. ಡಪ್ಪು, ತುಂತುಣಿ ಹಿಡಿದು ಜಾತ್ರೆಯಿಂದ ಜಾತ್ರೆಗೆ, ಸಂತೆಯಿಂದ ಸಂತೆಗೆ ಅಲೆದ ಬಡವರು. ಕುಂಪಣಿಯ ಭಯ ಇನ್ನೂ ಹೋಗಿರದ ದಿನಗಳಲ್ಲಿ ಅವರು ಈ ಪದಗಳನ್ನು ಹಾಡಿದರು. ೧೮೮೦ರ ದಶಕದಲ್ಲಿ ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಸೀಮೆಯ ಲಾವಣಿಗಳನ್ನು ಬರೆಸಿಕೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಅವುಗಳಲ್ಲಿ ರಾಯಣ್ಣನ ದಂಗೆಯ ಲಾವಣಿಯಿದೆ, ಹಲಗಲಿ ಬೇಡರ ಲಾವಣಿಯಿದೆ. ಗಲ್ಲಿಗೇರಿ ಐವತ್ತು ವರ್ಷಗಳಾದರೂ ಜನ ಮರೆತಿರಲಿಲ್ಲವೆಂಬುದಕ್ಕೆ ಆಳುವವರ ಕಾಗದವೇ ಸಾಕ್ಷಿ. ಕಿತ್ತೂರು ಸೀಮೆಯ ಮೊದಲ ಸಂಗ್ರಹಾಲಯ ಯಾವುದೆಂದು ಯಾರಾದರೂ ಕೇಳಿದರೆ, ಅದು ಲಾವಣಿಕಾರನ ಗಂಟಲು ಎಂದು ನಾವು ಹೇಳುವೆವು. ಅದಕ್ಕೆ ಸರಕಾರದ ಅನುದಾನವಿರಲಿಲ್ಲ.

ಈಗ ಕೋಟೆಯೊಳಗಿನ ಸಂಗ್ರಹಾಲಯಕ್ಕೆ ಬರೋಣ. ಕತ್ತಿಗಳಿವೆ, ಅರಮನೆಯ ಕಾಲದ ಕೆತ್ತನೆಯ ಕಟ್ಟಿಗೆಯಿದೆ, ಸುತ್ತಲಿನ ಊರುಗಳ ಶಿಲ್ಪಗಳಿವೆ, ವೀರಗಲ್ಲುಗಳಿವೆ. ಇವೆಲ್ಲ ಇರತಕ್ಕವೇ. ಒಂದನ್ನೂ ಕದಲಿಸಬೇಕೆಂದು ನಾವು ಹೇಳುವುದಿಲ್ಲ. ವೀರಗಲ್ಲಿನ ಮುಂದೆ ಒಂದು ಗಳಿಗೆ ಹೆಚ್ಚಾಗಿಯೇ ನಿಲ್ಲಿರೆಂದು ಹೇಳುತ್ತೇವೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವಿನ ಪಟ್ಟಿಯಲ್ಲಿ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಎಷ್ಟೋ ವೀರಗಲ್ಲುಗಳು ರಾಜರವಲ್ಲ. ಊರ ದನ ಕದ್ದೊಯ್ಯಲು ಬಂದವರನ್ನು ತಡೆದು ಸತ್ತವರವು. ದನ ಕಾಯಲು ಸತ್ತವನಿಗೆ ಕಲ್ಲು ನೆಟ್ಟ ನಾಡು ನಮ್ಮದು. ಸಾಮಾನ್ಯ ಮನುಷ್ಯನ ನೆನಪನ್ನು ಕಾಪಾಡಬೇಕೆಂಬುದು ನಾವು ಪರದೇಶದಿಂದ ತಂದ ವಿಚಾರವಲ್ಲ. ನಮ್ಮ ಊರ ಅಗಸಿಯಲ್ಲೇ ಅದು ನಿಂತಿದೆ.

ಕಿತ್ತೂರಿನದೇ ಒಂದು ಶಾಸನವಿದೆ. ಗೋವೆಯ ಕದಂಬರ ಕಾಲದ್ದು, ೧೧೮೮ರದು. ಎರಡು ದೇವಸ್ಥಾನಗಳ ಆಚಾರ್ಯರಿಗೆ ಒಂದು ಹೊಲದ ಒಡೆತನದ ಬಗ್ಗೆ ತಕರಾರು ಹುಟ್ಟಿ, ಫಾಲದಿವ್ಯದಿಂದ, ಅಂದರೆ ಕಾಯಿಸಿದ ನೇಗಿಲ ಗುಳದ ಪರೀಕ್ಷೆಯಿಂದ, ಅದು ತೀರಿದ ಸಂಗತಿ ಅದರಲ್ಲಿದೆ. ಚೆನ್ನಮ್ಮನಿಗಿಂತ ಆರುನೂರು ವರ್ಷ ಹಿಂದೆ ಕೂಡ ಈ ಮಣ್ಣಿನಲ್ಲಿ ಜಗಳ ಹೊಲದ್ದೇ. ಅದನ್ನು ತೀರಿಸಿದ್ದು ಉಳುವ ಸಾಧನದಿಂದಲೇ! ಈ ಶಾಸನವನ್ನೂ ರಾಯಣ್ಣನ ಜಪ್ತಿಯಾದ ಹೊಲವನ್ನೂ ಮಗ್ಗುಲಲ್ಲಿಟ್ಟು ತೋರಿಸಿದರೆ, ಇತಿಹಾಸವೆಂದರೆ ಏನೆಂದು ನಮ್ಮ ಹುಡುಗರಿಗೆ ಯಾವ ಪಠ್ಯಪುಸ್ತಕವೂ ಇಲ್ಲದೆ ತಿಳಿದೀತು.

ಆದರೆ ದೊಡ್ಡವರ ಮನಸ್ಸು ಬೇರೆ ಕಡೆ ಹರಿದಿದೆ. ಕೆಲವು ವರ್ಷಗಳಿಂದ, ಬಿದ್ದ ಅರಮನೆಯ ಪಡಿಯಚ್ಚಿನಂಥ ಹೊಸ ಅರಮನೆಯೊಂದನ್ನು ಕಟ್ಟಬೇಕೆಂಬ ಮಾತು ನಡೆದಿದೆ. ಅದು ಎಲ್ಲಿ ಏಳಬೇಕೆಂಬ ಪ್ರಶ್ನೆಗೆ ೨೦೨೨ರಲ್ಲಿ ಕಿತ್ತೂರಿನ ಜನ ಬೀದಿಗೂ ಇಳಿದರು. ನಮ್ಮೂರ ಹೆಸರಿನ ಅರಮನೆ ನಮ್ಮೂರಲ್ಲೇ ಆಗಲಿ ಎಂಬ ಅವರ ಅಭಿಮಾನ ನಮಗೆ ಅರ್ಥವಾಗುತ್ತದೆ. ಸರಕಾರದ ಹಣ ಬರುವುದಾದರೆ ತಮ್ಮ ಊರಿಗೆ ಬರಲಿ ಎಂದು ಯಾರು ತಾನೇ ಬಯಸಲಾರರು? ಆದರೂ ಒಂದು ಮಾತನ್ನು ಬಿಚ್ಚಿ ಹೇಳುವುದು ನಮ್ಮ ಕರ್ತವ್ಯ. ಹೊಸದಾಗಿ ಕಟ್ಟಿದ ಹಳೆಯ ಅರಮನೆ ನಾಟಕದ ಪರದೆಯಿದ್ದಂತೆ. ಅದರ ಸಿಮೆಂಟಿನ ಕಂಬಕ್ಕೆ ೧೮೨೪ ಗೊತ್ತಿಲ್ಲ. ಗೊತ್ತಿರುವುದು ಬಿದ್ದ ಗೋಡೆಗೆ, ಬಚ್ಚಲುಮನೆಯ ತೊಟ್ಟಿಗೆ, ನೀರಿನ ಕಾಲುವೆಗೆ, ಒಡೆದ ಪಾಯಕ್ಕೆ. ಕೋಟೆ ಬಿದ್ದ ಮೇಲೆ ಅರಮನೆಯ ಕಟ್ಟಿಗೆ ಸಾಮಾನು ಕೈಯಿಂದ ಕೈಗೆ ಹೋಗಿ ಸುತ್ತಲಿನ ಊರುಗಳ ವಾಡೆ, ಮಠ, ಮನೆಗಳಿಗೆ ಸೇರಿತೆಂದು ಹಿರಿಯರು ಹೇಳುತ್ತಾರೆ. ನಿಜವಾದ ಅರಮನೆ ಹೀಗೆ ಚದುರಿ ಹೋಗಿ ಜನರ ಮನೆಗಳಲ್ಲಿ ತೊಲೆ, ಚೌಕಟ್ಟುಗಳಾಗಿ ನಿಂತಿರುವಾಗ ಅದನ್ನು ಹುಡುಕಿ, ಪಟ್ಟಿ ಮಾಡಿ, ಚಿತ್ರ ತೆಗೆದು ಇಡುವುದು ಬಿಟ್ಟು, ನಕಲನ್ನು ಕಟ್ಟಲು ಹೊರಡುವುದು ಯಾವ ಜಾಣತನ? ಇದ್ದ ಗೋಡೆಗೆ ಗಿಡ ಹುಟ್ಟದಂತೆ, ಮಳೆನೀರು ಇಳಿಯದಂತೆ ನೋಡಿಕೊಳ್ಳಲು ಬೇಕಾದ ಹಣ ಚಿಕ್ಕದು. ಅದಕ್ಕೆ ಶಿಲಾನ್ಯಾಸದ ಕಲ್ಲು ಬೇಕಿಲ್ಲ, ಅದರ ಮೇಲೆ ಯಾರ ಹೆಸರನ್ನೂ ಕೆತ್ತಬೇಕಿಲ್ಲ. ಆ ಕೆಲಸಕ್ಕೆ ಉತ್ಸಾಹ ಕಡಿಮೆಯಾಗುವುದು ಬಹುಶಃ ಈ ಕಾರಣದಿಂದಲೇ ಇರಬೇಕು.

ಹೆಸರಿಡುವುದರಲ್ಲಿ ಮಾತ್ರ ನಮ್ಮಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ೨೦೧೦ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ರಾಣಿ ಚೆನ್ನಮ್ಮನ ಹೆಸರು. ಬೆಂಗಳೂರಿನ ದೊಡ್ಡ ರೇಲ್ವೆ ನಿಲ್ದಾಣಕ್ಕೆ ರಾಯಣ್ಣನ ಹೆಸರು. ೨೦೨೧ರಲ್ಲಿ ಮುಂಬಯಿ ಕರ್ನಾಟಕದ ಏಳು ಜಿಲ್ಲೆಗಳಿಗೆ ಒಟ್ಟಿಗೇ ಕಿತ್ತೂರು ಕರ್ನಾಟಕವೆಂದು ಹೆಸರು. ಎಲ್ಲವೂ ಸಂತೋಷದ ವಿಷಯ. ಆದರೆ ಹೆಸರು ಬದಲಾದ ಮಾತ್ರಕ್ಕೆ ಸಂಗೊಳ್ಳಿಯಲ್ಲಿ ಹೊಲವಿಲ್ಲದವನಿಗೆ ಹೊಲ ಬರಲಿಲ್ಲ, ಹುಬ್ಬಳ್ಳಿಯಲ್ಲಿ ಕೆಲಸ ಕಳಕೊಂಡವನಿಗೆ ಕೆಲಸ ಬರಲಿಲ್ಲ. ಹೆಸರನ್ನು ಎತ್ತಿ ಹಿಡಿದು ಅದರ ಹಿಂದಿನ ಸಂಗತಿಯನ್ನು ಕೆಳಗಿಡುವುದು ಆಳುವವರ ಹಳೆಯ ಹಂಚಿಕೆ. ರಾಯಣ್ಣನ ಪುತ್ಥಳಿಗೆ ಮಾಲೆ ಹಾಕುವುದು ಸುಲಭ. ಅವನು ಯಾವ ಅನ್ಯಾಯಕ್ಕೆ ಎದ್ದನೋ ಅದನ್ನು ಗೋಡೆಯ ಮೇಲೆ ಬರೆದಿಡುವುದು ಸುಲಭವಲ್ಲ. ಓದಿದವರು ಇಂದಿನ ಪಹಣಿಪತ್ರಿಕೆಯನ್ನೂ ತೆಗೆದು ನೋಡಲು ತೊಡಗಿದರೆ?

ಹಾಗೆ ಬರೆದಿಟ್ಟ ಊರು ಜಗತ್ತಿನಲ್ಲಿ ಇದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇವೆ. ಅದೂ ನಮ್ಮನ್ನು ಆಳಿದವರ ನಾಡಿನಿಂದಲೇ. ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ ಟಾಲ್‌ಪಡಲ್ ಎಂಬ ಹಳ್ಳಿಯಿದೆ. ರಾಯಣ್ಣ ಗಲ್ಲಿಗೇರಿದ ಮೂರು ವರ್ಷಕ್ಕೆ, ೧೮೩೪ರಲ್ಲಿ, ಅಲ್ಲಿಯ ಆರು ಮಂದಿ ಹೊಲಗೂಲಿಗಳನ್ನು ಕೋರ್ಟಿಗೆ ಎಳೆದರು. ವಾರಕ್ಕೆ ಒಂಬತ್ತು ಶಿಲಿಂಗ್ ಇದ್ದ ಕೂಲಿ ಏಳಕ್ಕೆ ಇಳಿದಿತ್ತು. ಆರಕ್ಕೆ ಇಳಿಸುವುದಾಗಿ ಒಡೆಯರು ಹೇಳಿದ್ದರು. ಕೂಲಿಗಳು ಒಂದು ಸಂಘ ಕಟ್ಟಿಕೊಂಡು ಆಣೆ ಇಟ್ಟರು. ಸಂಘ ಕಟ್ಟುವುದು ಆಗ ಅಪರಾಧವಾಗಿರಲಿಲ್ಲ. ಆದುದರಿಂದ ಆಣೆ ಇಟ್ಟದ್ದೇ ಅಪರಾಧವೆಂದು ಹಳೆಯದೊಂದು ಕಾಯಿದೆಯನ್ನು ಹುಡುಕಿ ತೆಗೆದು ಏಳು ವರ್ಷ ಆಸ್ಟ್ರೇಲಿಯಕ್ಕೆ ಗಡಿಪಾರು ಮಾಡಿದರು. ಲಂಡನ್ನಿನಲ್ಲಿ ದುಡಿಯುವ ಜನ ಭಾರಿ ಮೆರವಣಿಗೆ ತೆಗೆದರು. ಎಂಟು ಲಕ್ಷ ಸಹಿಗಳ ಅರ್ಜಿ ಹೋಯಿತೆಂದು ಹೇಳುತ್ತಾರೆ. ೧೮೩೬ರಲ್ಲಿ ಸರಕಾರ ಕ್ಷಮೆ ಕೊಡಬೇಕಾಯಿತು. ನೂರು ವರ್ಷದ ನೆನಪಿಗೆ, ೧೯೩೪ರಲ್ಲಿ, ಆ ದೇಶದ ಕಾರ್ಮಿಕ ಸಂಘಗಳ ಒಕ್ಕೂಟ ಆ ಹಳ್ಳಿಯಲ್ಲಿ ಏನು ಕಟ್ಟಿತು? ಅರಮನೆಯನ್ನಲ್ಲ, ಗೋಪುರವನ್ನಲ್ಲ. ಮುಪ್ಪಾದ ಹೊಲಗೂಲಿಗಳು ಇರುವುದಕ್ಕೆ ಆರು ಮನೆಗಳ ಸಾಲನ್ನು ಕಟ್ಟಿತು, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಮನೆ. ಅದೇ ಕಟ್ಟಡದಲ್ಲಿ ಇಂದು ಸಂಗ್ರಹಾಲಯವಿದೆ. ಪ್ರತಿವರ್ಷ ಜುಲೈ ತಿಂಗಳಲ್ಲಿ ಕಾರ್ಮಿಕರು ತಮ್ಮ ಸಂಘಗಳ ಬಾವುಟ ಹಿಡಿದು ಅಲ್ಲಿಗೆ ಬರುತ್ತಾರೆ. ಸತ್ತವರ ನೆನಪನ್ನು ಬದುಕಿರುವ ಮುದುಕರ ಸೂರಿನ ಜೊತೆಗೆ ಜೋಡಿಸಿದ ಈ ಬುದ್ಧಿಯನ್ನು ನಾವು ಕಲಿಯಬೇಕು.

ಇದಿಷ್ಟು ಸರಕಾರಕ್ಕೆ. ಇನ್ನು ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. ನಾವೇ ನಮ್ಮ ವಸ್ತುಗಳನ್ನು ಎಷ್ಟು ಕಾಪಾಡಿದ್ದೇವೆ? ನಮ್ಮ ಸೀಮೆಯಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಯಂತ್ರಗಳು ಗುಜರಿಗೆ ಹೋದವು. ಹಾಜರಿ ಪುಸ್ತಕ ರದ್ದಿಗೆ ಹೋಯಿತು. ಮೂರು ತಲೆಮಾರಿನ ಜನರನ್ನು ಎಬ್ಬಿಸಿ ಕೆಲಸಕ್ಕೆ ಕಳಿಸಿದ ಭೋಂಗಾ ಯಾವ ಗೋದಾಮಿನಲ್ಲಿ ತುಕ್ಕು ಹಿಡಿದಿದೆಯೋ ಯಾರಿಗೂ ತಿಳಿಯದು. ಮುಷ್ಕರದ ಕಾಲದ ಕರಪತ್ರಗಳು ಎಷ್ಟು ಮನೆಗಳಲ್ಲಿ ಉಳಿದಿವೆ? ನಮ್ಮ ಅಂಗಡಿಕಾರ ಬಂಧುಗಳ ಅಜ್ಜಂದಿರು ಮೋಡಿ ಅಕ್ಷರದಲ್ಲಿ ಬರೆದ ಕಿರ್ದಿ-ಖತಾವಣಿಗಳು ದೀಪಾವಳಿಯ ಮುಂಚೆ ಮಾಳಿಗೆ ಬಳಿಯುವಾಗ ಸೇರಿನ ಲೆಕ್ಕದಲ್ಲಿ ಹೋಗಿಬಿಟ್ಟವು. ಆ ಪುಸ್ತಕಗಳಲ್ಲಿ ಏನಿತ್ತು? ಬರಗಾಲದ ವರ್ಷ ಜೋಳ ಎಷ್ಟಕ್ಕೆ ಮಾರಿತು, ಯಾವ ಊರಿನ ಯಾವ ರೈತನಿಗೆ ಎಷ್ಟು ಉದ್ರಿ ಕೊಟ್ಟರು, ಎಷ್ಟು ಬಿಟ್ಟರು, ಎಲ್ಲವೂ ಇತ್ತು. ಒಂದು ಊರಿನ ನಿಜವಾದ ಚರಿತ್ರೆ ಅದು. ಮನೆಯ ಮೂಲೆಯ ಹಳೆಯ ಸೇರು, ಪಾವು, ತಕ್ಕಡಿ, ಕೂರಿಗೆಯ ಬಟ್ಟಲು, ಮಗ್ಗದ ಲಾಳಿ, ಇವುಗಳನ್ನು ಪೇಟೆಯ ಶ್ರೀಮಂತರು ಬಂದು ಬೈಠಕ್ಕಿನ ಅಲಂಕಾರಕ್ಕೆಂದು ಕೊಂಡೊಯ್ಯುತ್ತಾರೆ. ನಾವು ಕಸವೆಂದು ಮಾರಿದ್ದು ಅವರ ಮನೆಯಲ್ಲಿ ಕಲೆಯಾಗುತ್ತದೆ. ನಮ್ಮದನ್ನು ನಾವೇ ಕಸವೆಂದು ತಿಳಿಯುವಂತೆ ನಮಗೆ ಕಲಿಸಿದವರು ಯಾರು ಎಂಬುದನ್ನು ವಾಚಕರು ಯೋಚಿಸಬೇಕು.

ಕೆಲವು ಸ್ನೇಹಿತರು ಹೇಳುತ್ತಾರೆ: ದೊಡ್ಡ ಅರಮನೆ ಎದ್ದರೆ ಯಾತ್ರಿಕರು ಬರುತ್ತಾರೆ, ಖಾನಾವಳಿ ನಡೆಯುತ್ತದೆ, ಚಹದ ಅಂಗಡಿ ನಡೆಯುತ್ತದೆ, ಚಿಕ್ಕ ವ್ಯಾಪಾರಿಗೆ ನಾಲ್ಕು ಕಾಸು ಸಿಗುತ್ತದೆ. ಈ ಮಾತನ್ನು ನಾವು ಹಗುರಾಗಿ ತಳ್ಳುವುದಿಲ್ಲ. ಕಿತ್ತೂರು ಹೆದ್ದಾರಿಯ ಮಗ್ಗುಲ ಊರು. ಧಾರವಾಡ-ಬೆಳಗಾವಿಯ ನಡುವೆ ಹೋಗುವ ಸಾವಿರಾರು ಮೋಟಾರುಗಳಲ್ಲಿ ಹತ್ತು ಒಳಗೆ ತಿರುಗಿದರೂ ಊರಿಗೆ ಲಾಭವೇ. ಆದರೆ ಒಮ್ಮೆ ನೋಡಿ ಫೋಟೋ ತೆಗೆದುಕೊಂಡು ಹೋಗುವವನು ಮತ್ತೆ ಬರುವುದಿಲ್ಲ. ಮತ್ತೆ ಮತ್ತೆ ಬರುವವನು ಸುತ್ತಲಿನ ನೂರು ಹಳ್ಳಿಯ ಮನುಷ್ಯ. ತನ್ನ ಅಜ್ಜನ ಹೆಸರು, ತನ್ನ ಊರಿನ ಕಲ್ಲು, ತಾನು ಕೊಟ್ಟ ಕೂರಿಗೆ ಅಲ್ಲಿದ್ದರೆ ಅವನು ಮಕ್ಕಳನ್ನು ಕರೆದುಕೊಂಡು ಬರುತ್ತಾನೆ, ಬೀಗರನ್ನು ಕರೆದುಕೊಂಡು ಬರುತ್ತಾನೆ, ಸಂತೆಯ ದಿನವೂ ಒಂದು ಗಳಿಗೆ ಹೊಕ್ಕು ಹೋಗುತ್ತಾನೆ. ಚಹದ ಅಂಗಡಿಗೆ ನೆಲೆಯಾದ ಗಿರಾಕಿ ಅವನೇ. ಅಲ್ಲದೆ ದೊಡ್ಡ ಅರಮನೆಯ ಸುತ್ತ ಅಂಗಡಿ ಹಾಕುವ ಅಪ್ಪಣೆ ಊರಿನ ಚಿಕ್ಕ ವ್ಯಾಪಾರಿಗೆ ಸಿಗುವುದೋ, ಪೇಟೆಯಿಂದ ಬಂದ ಗುತ್ತಿಗೆದಾರನಿಗೆ ಸಿಗುವುದೋ? ಬೇರೆ ಯಾತ್ರಾಸ್ಥಳಗಳನ್ನು ಕಂಡವರು ಉತ್ತರ ಬಲ್ಲರು.

ಹೀಗಿರಲಾಗಿ ನಮ್ಮ ಬೇಡಿಕೆಗಳು ಇವು.

ಒಂದು: ಬಿದ್ದ ಅರಮನೆಯನ್ನು ಬಿದ್ದ ಹಾಗೆಯೇ, ಇನ್ನಷ್ಟು ಬೀಳದಂತೆ ಕಾಪಾಡತಕ್ಕದ್ದು. ನಕಲಿನ ಮೇಲೆ ಹಣ ಸುರಿಯುವ ಮೊದಲು ಅಸಲಿನ ದುರಸ್ತಿಗೆ ಕೊಡತಕ್ಕದ್ದು. ಖರ್ಚಿನ ಲೆಕ್ಕವನ್ನು ಕೋಟೆಯ ಬಾಗಿಲಲ್ಲೇ ಹಲಗೆಯ ಮೇಲೆ ಬರೆದು ಹಚ್ಚತಕ್ಕದ್ದು.

ಎರಡು: ಸಂಗ್ರಹಾಲಯದಲ್ಲಿ ರಾಯಣ್ಣನ ಹೊಲಕ್ಕೆ ಒಂದು ಕೋಣೆ ಬೇಕು. ಶೇತಸನದಿಯೆಂದರೇನು, ಇನಾಮು, ವತನಗಳೆಂದರೇನು, ಕುಂಪಣಿ ಸರಕಾರ ಅವನ್ನು ಹೇಗೆ ಜಪ್ತಿ ಮಾಡಿತು, ಎಷ್ಟು ತೆರಿಗೆ ಹಾಕಿತು, ಇದನ್ನು ನಕಾಶೆ ಮತ್ತು ಕಾಗದಪತ್ರಗಳ ಸಮೇತ ತೋರಿಸಬೇಕು. ಆ ಕಾಲದ ದಪ್ತರ ಪುಣೆ, ಮುಂಬಯಿ, ಲಂಡನ್ನಿನ ಕಡತಖಾನೆಗಳಲ್ಲಿದೆ. ಪ್ರತಿ ತರಿಸುವುದು ದೊಡ್ಡ ಮಾತಲ್ಲ.

ಮೂರು: ಲಾವಣಿ, ಗೀಗೀ ಪದ ಬಲ್ಲ ಹಿರಿಯರು ಇನ್ನೂ ಕೆಲವರಾದರೂ ಇದ್ದಾರೆ. ಅವರ ಹಾಡನ್ನು ಯಂತ್ರದಲ್ಲಿ ಹಿಡಿದಿಡಬೇಕು, ಸಂಗ್ರಹಾಲಯದಲ್ಲಿ ಕೇಳಲು ಸಿಗಬೇಕು. ಅವರಿಗೆ ಶಾಲು-ಹಣ್ಣಿನ ಜೊತೆಗೆ ಸರಿಯಾದ ಗೌರವಧನವನ್ನೂ ಕೊಡಬೇಕು. ಇನ್ನೂರು ವರ್ಷ ಪುಕ್ಕಟೆಯಾಗಿ ನೆನಪು ಕಾಯ್ದವರ ಮಕ್ಕಳಿಗೆ ಅಷ್ಟಾದರೂ ಸಲ್ಲಬೇಕು.

ನಾಲ್ಕು: ಪ್ರತಿಯೊಂದು ವಸ್ತುವಿನ ಮುಂದೆ ಏಳನೆಯ ಇಯತ್ತೆ ಓದಿದವನಿಗೆ ತಿಳಿಯುವ ಕನ್ನಡದಲ್ಲಿ ವಿವರ ಬರೆದಿರಬೇಕು. ಎಲ್ಲಿಂದ ಬಂತು, ಯಾವ ಕಾಲದ್ದು, ಯಾರು ಬಳಸುತ್ತಿದ್ದರು ಎಂಬುದು ಅದರಲ್ಲಿ ಇರಬೇಕು. ದುಡಿಯುವವನಿಗೆ ರಜೆ ಇರುವ ದಿನ ಬಾಗಿಲು ತೆರೆದಿರಬೇಕು.

ಐದು: ಸಂಗ್ರಹಾಲಯದ ಆಡಳಿತದಲ್ಲಿ ಊರಿನವರ ಸಮಿತಿಯೊಂದು ಇರಬೇಕು. ರೈತ, ಕೂಲಿಕಾರ, ಅಂಗಡಿಕಾರ, ಶಾಲೆಯ ಮಾಸ್ತರ, ಹೆಣ್ಣುಮಕ್ಕಳು ಅದರಲ್ಲಿ ಕೂರಬೇಕು. ರಾಣಿಯ ಹೆಸರಿನ ಸಂಗ್ರಹಾಲಯದ ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲದಿದ್ದರೆ ಅದು ರಾಣಿಗೆ ಮಾಡಿದ ಅವಮಾನ.

ಈ ಬೇಡಿಕೆಗಳನ್ನು ಅರ್ಜಿಯ ರೂಪದಲ್ಲಿ ಬರೆದು ನಮ್ಮ ಶಾಖೆಗಳ ಮೂಲಕ ಸಹಿ ಕೂಡಿಸುವ ಕೆಲಸವನ್ನು ಪಕ್ಷ ಕೈಗೊಳ್ಳುವುದು. ಆದರೆ ಅರ್ಜಿಯ ಉತ್ತರಕ್ಕೆ ಕಾಯುತ್ತ ಕೂರುವುದು ನಮಗೆ ಸಲ್ಲದು. ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಯ ಅಟ್ಟ ಹತ್ತಿರಿ. ಹಳೆಯ ಕಿರ್ದಿ ಇದ್ದರೆ ರದ್ದಿಯವನಿಗೆ ಕೊಡಬೇಡಿರಿ. ಗಿರಣಿಯ ಬಿಲ್ಲೆ, ಪಗಾರದ ಚೀಟಿ, ಮುಷ್ಕರದ ಕರಪತ್ರ ಇದ್ದರೆ ಎತ್ತಿಡಿರಿ. ಒಂದು ಹಾಳೆಯ ಮೇಲೆ ಇದು ಯಾರದು, ಯಾವ ವರ್ಷದ್ದು, ಯಾತಕ್ಕೆ ಬಳಸುತ್ತಿದ್ದರು ಎಂದು ಬರೆದು ಅದರೊಳಗೆ ಇಡಿರಿ. ಹೆಸರಿಲ್ಲದ ವಸ್ತು ಬರಿಯ ಕಬ್ಬಿಣ. ಹೆಸರು ಕೂಡಿದರೆ ಸಾಕ್ಷಿ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಸಂಜೆ ಅವರ ಹತ್ತಿರ ಕುಳಿತು ಕೇಳಿರಿ, ಬರೆದುಕೊಳ್ಳಿರಿ. ಅವರು ಹೋದ ಮೇಲೆ ಯಾವ ಸರಕಾರದ ಅನುದಾನವೂ ಆ ಮಾತನ್ನು ಮರಳಿ ತರಲಾರದು. ಮಾಸ್ತರ ಬಂಧುಗಳು ಮಕ್ಕಳನ್ನು ಕಿತ್ತೂರಿಗೆ ಕರೆದುಕೊಂಡು ಹೋದಾಗ ನಂದಗಡಕ್ಕೂ, ಬೈಲಹೊಂಗಲಕ್ಕೂ, ಸಂಗೊಳ್ಳಿಗೂ ಕರೆದುಕೊಂಡು ಹೋಗಿರಿ. ಸಂಗೊಳ್ಳಿಯಲ್ಲಿ ಪುತ್ಥಳಿಯ ಮುಂದೆ ಮಾತ್ರ ನಿಲ್ಲಿಸದೆ, ಊರ ಹೊರಗಿನ ಹೊಲಗಳ ಬದುವಿನ ಮೇಲೂ ನಡೆಸಿರಿ.

ನಮ್ಮನ್ನು ಕೇಳಿದ ಆ ಹುಡುಗ ಈಗ ಬೆಳೆದು ದೊಡ್ಡವನಾಗಿರಬೇಕು. ಯಾವ ಗಿರಣಿಯಲ್ಲಿ ಪಾಳಿ ಮಾಡುತ್ತಿದ್ದಾನೋ, ಯಾವ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದಾನೋ ಕಾಣೆವು. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರ ನಮ್ಮ ಮೇಲೆ ಸಾಲವಾಗಿ ಉಳಿದಿದೆ. ಅವನು ತನ್ನ ಮಗನ ಕೈ ಹಿಡಿದು ಮತ್ತೊಮ್ಮೆ ಕಿತ್ತೂರಿಗೆ ಬರುವಷ್ಟರಲ್ಲಿ, ರಾಣಿಯ ಕತ್ತಿಯ ಮಗ್ಗುಲಲ್ಲೇ ರಾಯಣ್ಣನ ಹೊಲ ಇರಬೇಕು. ಆ ಸಾಲವನ್ನು ತೀರಿಸುವ ಕೆಲಸದಲ್ಲಿ ವಾಚಕರೆಲ್ಲರೂ ಕೈಗೂಡಿಸಬೇಕೆಂದು ಕೇಳಿಕೊಳ್ಳುತ್ತೇವೆ.